ಇಂಧನದ ಹಡಗು ಯಾರದ್ದು

ಸ್ನೇಹಿತರೇ, ಇವತ್ತು ದೊಡ್ಡಬಳ್ಳಾಪುರದಲ್ಲಿ, ಗೆಳೆಯ ಮಂಜನ ಮಗ್ಗದ ಶೆಡ್ಡಿನ ಮಹಡಿಯ ಮೇಲೆ ನಾವೊಂದು ಬಾಹ್ಯಾಕಾಶ ಯುದ್ಧವನ್ನು ಒಂದೇ ಒಂದು ಗುಂಡು ಹಾರಿಸದೆ ಸೋತೆವು.

ಮೇಜಿನ ಮೇಲೆ ಆಡುವ ಈ ಆಟದಲ್ಲಿ ಎರಡು ಅನ್ಯಲೋಕಗಳು ಬದ್ಧ ವೈರಿಗಳು. ಅವು ಮೊದಲ ಯುದ್ಧದಲ್ಲೇ ರಾಜಿಯಾಗಿದ್ದರೆ ಏನಾಗುತ್ತಿತ್ತು ಎಂದು ನಾನೂ ಮಂಜನೂ ಆಟದ ಚರಿತ್ರೆಯನ್ನೇ ತಿದ್ದಿ ಅವನ್ನು ಮಿತ್ರರನ್ನಾಗಿಸಿ, ಆರು ವಾರ ನಮ್ಮ ನಮ್ಮ ಮನೆಯಲ್ಲೇ ಕೂತು, ತಲಾ ಒಂದು ಲೋಕಕ್ಕೆ ಪುಟಾಣಿ ಹಡಗುಗಳ ಪಡೆ ಕಟ್ಟಿದ್ದೆವು. ಎದುರಾಳಿ ನಂದಗುಡಿ ಕಡೆಯ ಗಣಿತದ ಟೀಚರ್ ಸವಿತಾ ಮೇಡಂ. ಎರಡು ಬಸ್ ಬದಲಿಸಿ ಬಂದಿದ್ದರು.

ಮೂರನೇ ಸುತ್ತು ಮುಗಿದಾಗ ಮೇಡಂ ನಿಯಮದ ಪುಸ್ತಕ ನೋಡಿ, "ಈಗ ಇಂಧನ ತುಂಬಿಸ್ಬೇಕು. ನಿಮ್ಮ ಇಂಧನದ ಹಡಗು ಯಾವ್ದು?" ಎಂದರು.

ನಾನು ಮಂಜನ ಕಡೆ ನೋಡಿದೆ.

"ನನ್ನ ಯಾಕೆ ನೋಡ್ತೀಯ? ನಿಮ್ಮ ಲೋಕದೋರು ತರ್ತಾರೆ ಅಂತ ನಾನು ಬರೀ ಫಿರಂಗಿ ಹಡಗು ಮಾಡ್ದೆ" ಎಂದ.

"ನಾನೂ ಅಷ್ಟೇ ಕಣೋ. ಮಿತ್ರರು ಅಂದ್ಮೇಲೆ ಅಷ್ಟೂ ಮಾಡಲ್ವಾ ಅಂದ್ಕೊಂಡೆ."

ನಮ್ಮ ಮೂವತ್ತು ಯುದ್ಧನೌಕೆಗಳು ನಡು ಆಕಾಶದಲ್ಲಿ ನಿಂತುಬಿಟ್ಟವು. ಮೇಡಂ ಇನ್ನೂ ದಾಳವನ್ನೇ ಉರುಳಿಸಿರಲಿಲ್ಲ. "ಹಂಗಾದ್ರೆ ನಾನು ಗೆದ್ನಾ?" ಎಂದು ಅನುಮಾನದಿಂದಲೇ ಕೇಳಿದರು. ಹೌದೆಂದು ಇಬ್ಬರೂ ತಲೆಯಾಡಿಸಿದೆವು.

ಅವರು ಪುಸ್ತಕ ಮುಚ್ಚಿ, "ಹೋಗ್ಲಿ ಬಿಡಿ. ಊಟಕ್ಕೆ ಇಲ್ಲೇ ಬನ್ನಿ ಅಂದಿದ್ರಲ್ಲ, ಯಾರು ತಂದಿದ್ದೀರ?" ಎಂದರು.

ಈಗ ಮಂಜ ನನ್ನ ಕಡೆ ನೋಡಿದ.

ಹೋಟೆಲಿನಲ್ಲಿ ಮೂರು ಊಟದ ಪಾರ್ಸೆಲ್‌ಗೆ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಮಂಜನೂ ಇನ್ನೊಂದು ಹೋಟೆಲಿನಲ್ಲಿ ಮೂರು ಊಟ ಕಟ್ಟಿಸುತ್ತಿದ್ದಾನೆಂದು ಮೇಡಂ ಈಗಷ್ಟೇ ಫೋನ್ ಮಾಡಿ ತಿಳಿಸಿದರು.