ಅಜ್ಜಿಯರಿಗಾಗಿ ತೆರೆದಿಟ್ಟ ಫೋಟೋಗಳು

ಆಸ್ಟ್ರೇಲಿಯಾದ ಬಲಾರಟ್ ಊರಿನ ಪೇಂಟ್ ಅಂಗಡಿಯಲ್ಲಿ ಬಣ್ಣ ಕಲಸುವ ಡೂಗಲ್‌ಗೆ ಕಂಪ್ಯೂಟರ್ ಬಗ್ಗೆ ಉಳಿದವರಿಗಿಂತ ನಾಲ್ಕು ಪದ ಹೆಚ್ಚು ಗೊತ್ತಿತ್ತು. ಅಷ್ಟಕ್ಕೇ ಹುಡುಗಿಯರ ನೆಟ್‌ಬಾಲ್ ಕ್ಲಬ್ಬಿನವರು ಅವನನ್ನು ತಜ್ಞನೆಂದರು; ಅವನೂ ನಾಚದೆ ಒಪ್ಪಿಕೊಂಡ. ಶನಿವಾರದ ಆಟದ ಫೋಟೋಗಳನ್ನು ಕ್ಲೌಡ್‌ಗೆ, ಎಂದರೆ ದೂರದ ಕಂಪನಿಯೊಂದರ ಕಂಪ್ಯೂಟರ್‌ಗಳಿಗೆ, ಏರಿಸುವುದು ಅವನ ಬಿಟ್ಟಿ ಕೆಲಸ. ಆಟಗಾರ್ತಿಯರ ಅಜ್ಜಿಯರು ಪಾಸ್‌ವರ್ಡ್ ಮರೆತು ಪ್ರಾಣ ತಿಂದಾಗ, ಯಾರು ಬೇಕಾದರೂ ನೋಡಬಹುದು ಎಂಬುದನ್ನು ಒತ್ತಿಬಿಟ್ಟ. ಕಾಯುವುದಕ್ಕೆ ಅಷ್ಟು ದೊಡ್ಡ ಕಂಪನಿಯೇ ಇದೆಯಲ್ಲ ಎಂಬ ಧೈರ್ಯ.

ಈಗ ಕ್ಲಬ್ಬಿನ ಹೆಸರು ಹುಡುಕಿದರೆ ಸಾಕು, ಹುಡುಗಿಯರೆಲ್ಲ ಹೆಸರಿನ ಸಮೇತ ಕಾಣುತ್ತಾರೆ ಎಂದು ಒಬ್ಬ ಅಜ್ಜಿ ಬಂದು ಮೆಚ್ಚಿಕೊಂಡಳು. ಡೂಗಲ್‌ಗೆ ಆಗ ನೆನಪಾಯಿತು. ಆ ತಂಡದ ಇಮೋಜೆನ್‌ಳ ತಾಯಿ ಟ್ಯಾಮ್ಸಿನ್, ಹೊಡೆಯುವ ಗಂಡನ ಕಣ್ಣು ತಪ್ಪಿಸಿ ಈ ಊರು ಸೇರಿದವಳು. ಮಗಳ ಫೋಟೋ ಹೊರಗೆ ಹೋಗಬಾರದೆಂದು ಕೇಳಿಕೊಂಡಿದ್ದಳು.

ಫೋಟೋಗಳನ್ನು ಮುಚ್ಚಿಟ್ಟು, ಕಂಪನಿಯವರಿಗೆ ಬೈಯಲೆಂದೇ ಫೋನ್ ಮಾಡಿದ. ಆ ಕಡೆಯವನು ಬೈಸಿಕೊಳ್ಳದೆ ವಿವರಿಸತೊಡಗಿದ; ಡೂಗಲ್‌ಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಕಟ್ಟಡ, ಕರೆಂಟು, ಯಂತ್ರಗಳ ಕಾವಲು ಕಂಪನಿಯದು. ಒಳಗೆ ಏನಿಡಬೇಕು, ಯಾರಿಗೆ ತೋರಿಸಬೇಕು ಎಂಬುದು ಕ್ಲಬ್ಬಿನದು. ಬೆಂಕಿ ಬಿದ್ದರೆ? ಕಂಪನಿಯ ತಲೆನೋವು. ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದರೆ? ಅಂಟಿಸಿದವರದು. ಹಾಗಾದರೆ ಯಾರು ಬಂದು ನೋಡಿದರು ಎಂಬ ಲೆಕ್ಕ?

“ಲೆಕ್ಕ ಇಡೋ ವ್ಯವಸ್ಥೆ ನಮ್ದು ಗುರು. ಅದನ್ನ ಆನ್ ಮಾಡ್ಬೇಕಾದೋನು ನೀನು.”

ಡೂಗಲ್ ಆನ್ ಮಾಡಿರಲಿಲ್ಲ.

ಟ್ಯಾಮ್ಸಿನ್‌ಳ ಅಡುಗೆಮನೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದ. ಅವಳು ಕೂಗಾಡಲಿಲ್ಲ. ತನ್ನ ಫೋನಿನಿಂದ ಹುಡುಕಿ, ಫೋಟೋಗಳು ತೆರೆಯುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡಳು.

“ಅವನು ನೋಡಿದಾನಾ?”

“ಗೊತ್ತಿಲ್ಲ. ಇನ್ನು ಗೊತ್ತಾಗೋ ದಾರೀನೂ ಇಲ್ಲ.”

ಅವಳು ಪೊಲೀಸರಿಗೆ ತಿಳಿಸಿದಳು. ಆಮೇಲೆ ಮಗಳ ಶೂಗಳತ್ತ ನೋಡಿದಳು. ಶನಿವಾರದ ಆಟಕ್ಕೆಂದು ಅವುಗಳಿಗೆ ಆಗಲೇ ದಾರ ಪೋಣಿಸಿತ್ತು.

“ಆಡ್ಲಿ. ಅವನದು ಬಿಳೀ ಪಿಕಪ್, ಎಡಗಡೆ ಬಾಗಿಲು ನೆಗ್ಗಿದೆ. ಆಟದ ಅಂಗಳ ನಾನು ನೋಡ್ಕೋತೀನಿ. ಗೇಟು ನಿಂದು. ಅದನ್ನಾದ್ರೂ ಇನ್ನೊಬ್ಬರು ಕಾಯ್ತಾರೆ ಅಂದ್ಕೋಬೇಡ.”

ಶನಿವಾರ ಕೊರೆಯುವ ಚಳಿ. ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು ಕೈಯಲ್ಲೇ ತಣ್ಣಗಾಗುತ್ತಿದ್ದರೂ ಡೂಗಲ್ ಗೇಟು ಬಿಡಲಿಲ್ಲ. ಆ ಊರಿನಲ್ಲಿ ಇಷ್ಟೊಂದು ಬಿಳಿ ಪಿಕಪ್‌ಗಳಿವೆಯೆಂದು ಅವನಿಗೆ ಅವತ್ತೇ ಗೊತ್ತಾದದ್ದು. ಒಂದೊಂದನ್ನೂ ಅವನು ದಿಟ್ಟಿಸುವುದನ್ನು ಕಂಡು, ಗಾಡಿ ಕೊಳ್ಳುವವನಾ ಎಂದು ಒಬ್ಬ ಪಿಕಪ್ ಚಾಲಕ ಕೇಳಿಯೇಬಿಟ್ಟ. ಅಲ್ಲವೆಂದು ತಲೆಯಾಡಿಸಿ, ಡೂಗಲ್ ಬಗ್ಗಿ ಅವನ ಗಾಡಿಯ ಎಡಗಡೆಯ ಬಾಗಿಲು ನೆಗ್ಗಿದೆಯೇ ಎಂದು ನೋಡಿದ.