ಅತ್ತೆ ಹಾಕಿದ ಅರ್ಜಿ

ವಕ್ಕಲೇರಿಯಿಂದ ಮದುವೆಯಾಗಿ ನಾನು ಗಂಡನ ಊರಿಗೆ ಬಂದಾಗ ಮನೆಯಲ್ಲಿ ಇದ್ದದ್ದು ನನ್ನ ಗಂಡ, ಅತ್ತೆ ಮತ್ತು ಒಂದು ಕೆಂದ ಹಸು. ಗಂಡ ಕೋಲಾರಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅತ್ತೆ ಹಾಲು ಮಾರಿಯೇ ಮಗನನ್ನು ಓದಿಸಿದ್ದರು. ಹಾಗಾಗಿ ಹಸುವಿಗೆ ಮನೆಯಲ್ಲಿ ನನಗಿಂತ ಹೆಚ್ಚು ಸಲಿಗೆ. ಹಗ್ಗ ಕಿತ್ತುಕೊಂಡು ಹೋಗುವುದು ಅದಕ್ಕೆ ಅಭ್ಯಾಸವಾಗಿತ್ತು. ಮಾವಿನ ಕಾಲದಲ್ಲಂತೂ ಮಂಡಿಯ ಹಿಂದೆ ಸುರಿಯುವ ಕೊಳೆತ ಹಣ್ಣಿನ ವಾಸನೆಗೆ ಅದು ಗೂಟದಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಬೀದಿಯಲ್ಲಿ ಅಲೆಯುವ ದನಗಳನ್ನು ಹಿಡಿದು ಕೂಡಿಹಾಕಲು ಊರ ಕೊನೆಯಲ್ಲಿ ಪುರಸಭೆಯ ಒಂದು ದೊಡ್ಡಿ ಇತ್ತು. ಸುತ್ತ ಕಲ್ಲಿನ ಗೋಡೆ, ಒಂದು ಕಬ್ಬಿಣದ ಗೇಟು, ನೆರಳಿಗೆ ಮೂಲೆಯಲ್ಲೊಂದು ತಗಡು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕನನ್ನು ಊರೆಲ್ಲ ತಾತ ಎನ್ನುತ್ತಿತ್ತು. ಮುಳಬಾಗಿಲಿನ ಆಚೆ, ತಾಯಲೂರಿನ ಕಡೆಯವನು, ಮನೆಮಾತು ತೆಲುಗು. ನಮ್ಮ ಹಸು ಕಣ್ಣಿಗೆ ಬಿದ್ದರೆ ದೊಡ್ಡಿಗೆ ಹೊಡೆಯದೆ ನೇರವಾಗಿ ನಮ್ಮ ಬಾಗಿಲಿಗೆ ತರುತ್ತಿದ್ದ. "ಅಮ್ಮಯ್ಯಾ, ನಿನ್ ಕೂತುರು ಊರು ಸುತ್ತಿ ಬಂದವಳೆ, ಒಳಗೆ ಕರ್ಕೊ" ಎನ್ನುತ್ತಿದ್ದ. ಹಸುವನ್ನು ಅವನು ಮಗಳು ಎಂದು ಕರೆಯುವುದು ಅತ್ತೆಗೆ ಇಷ್ಟ. ಅವನನ್ನು ಅಣ್ಣಯ್ಯ ಎಂದೇ ಕರೆದು, ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಡುತ್ತಿದ್ದರು. ದೊಡ್ಡಿಯ ತೊಟ್ಟಿಗೆ ನೀರು ಬಿಡುವ ನಲ್ಲಿ ಕೆಟ್ಟು ಎಷ್ಟೋ ಕಾಲವಾಗಿದೆ, ಬಾವಿಯಿಂದ ಬಿಂದಿಗೆಯಲ್ಲಿ ಹೊತ್ತು ಹೆಗಲು ಬಿದ್ದುಹೋಗಿದೆ, ಕಚೇರಿಯಲ್ಲಿ ಹೇಳಿ ಹೇಳಿ ಸಾಕಾಗಿದೆ ಎಂದು ತಾತ ಅಲ್ಲಿ ಕೂತು ಹೇಳಿಕೊಂಡದ್ದುಂಟು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಹಸು ತುಂಬು ಗಬ್ಬವಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಹಿತ್ತಲಿಗೆ ಹೋಗಿ ನೋಡಿದರೆ ಗೂಟದಲ್ಲಿ ಹಗ್ಗದ ತುಂಡು ಮಾತ್ರ ಇತ್ತು. ನಾನೂ ಅತ್ತೆಯೂ ಮಂಡಿಯ ಹಿಂದೆ ಹುಡುಕಿದೆವು, ಕೆರೆಯಂಗಳಕ್ಕೆ ಹೋದೆವು, ಹಿಪ್ಪುನೇರಳೆ ತೋಟಗಳ ಬದುವಿನ ಮೇಲೆ ನಡೆದೆವು. ಭಾನುವಾರ ನನ್ನ ಗಂಡ ರಜೆ ಹಾಕಿ ಸೈಕಲ್ಲಿನಲ್ಲಿ ಸುತ್ತಲ ಹಳ್ಳಿಗಳನ್ನೆಲ್ಲ ನೋಡಿ ಬಂದರು. ಕರು ಹಾಕಲು ಎಲ್ಲೋ ಮರೆಗೆ ಹೋಗಿದೆ ಎಂದೇ ಅತ್ತೆ ನಂಬಿದ್ದರು. ದೊಡ್ಡಿಯ ಕಡೆ ಮಾತ್ರ ನಾವು ಯಾರೂ ಹೋಗಲಿಲ್ಲ. ಹಸು ಅಲ್ಲಿಗೆ ಹೋಗಿದ್ದರೆ ತಾತನೇ ಹೊಡೆದುಕೊಂಡು ಬರುತ್ತಿದ್ದನಲ್ಲ.

ಸೋಮವಾರ ಬೆಳಿಗ್ಗೆ ತಾತ ಬಂದ. ಯಾವತ್ತಿನ ಹಾಗೆ ಕೂಗಲಿಲ್ಲ. ಜಗುಲಿಯ ಕಂಬ ಹಿಡಿದು ನಿಂತು, "ಅಮ್ಮಯ್ಯಾ, ಬೇಗ ಬಾ" ಎಂದ.

ದೊಡ್ಡಿಯಲ್ಲಿ ಹಸು ಗೇಟಿಗೆ ಒತ್ತಿಕೊಂಡು ಮಲಗಿತ್ತು. ಮೂತಿ ಕಂಬಿಗಳ ಸಂದಿಯಿಂದ ಆಚೆ ಚಾಚಿತ್ತು. ತೊಟ್ಟಿಯ ತಳದಲ್ಲಿ ಪಾಚಿ ಒಣಗಿ ಸಿಪ್ಪೆಯೆದ್ದಿತ್ತು. ತಾತ ಓಡಿಹೋಗಿ ಇನ್ನೊಂದು ಬಿಂದಿಗೆ ನೀರು ತಂದು, ಟವೆಲನ್ನು ಅದ್ದಿ ಅದರ ಬಾಯಿಗೆ ಹಿಂಡಿದ. ನೀರು ಕಟವಾಯಿಯಿಂದ ಹರಿದು ಮಣ್ಣಿಗೆ ಹೋಯಿತು. ಅತ್ತೆ ಗೇಟಿನೊಳಗೆ ಹೋಗಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅದಕ್ಕೆ ಗುರುತು ಸಿಕ್ಕಿರಬೇಕು, ಕಿವಿ ಅಲುಗಿಸಿತು. ದನದ ಡಾಕ್ಟರು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಈ ಬಿಸಿಲಿನಲ್ಲಿ ನೀರಿಲ್ಲದೆ ಹೀಗಾಗಿದೆ, ಹೊಟ್ಟೆಯ ಕರುವೂ ಉಳಿದಿಲ್ಲ ಎಂದು ಅವರು ಹೇಳಿದರು. ಆ ಮಾತು ಕೇಳಿದ ಮೇಲೂ ಅತ್ತೆ ಬಹಳ ಹೊತ್ತು ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದರು.

ನಡೆದದ್ದನ್ನು ತಾತ ಅಲ್ಲೇ ಹೇಳಿದ. ಶುಕ್ರವಾರ ಸಂಜೆ ಅವನನ್ನು ಊರಾಚೆಯ ಪಂಪ್‌ಹೌಸಿನ ಕಾವಲಿಗೆ ಕಳಿಸಿದ್ದರು, ಅಲ್ಲಿದ್ದವನಿಗೆ ಜ್ವರವೆಂದು. ಶನಿವಾರ ಮಂಡಿಯ ವರ್ತಕರು ಬೀದಿದನಗಳ ಕಾಟವೆಂದು ದೂರು ಕೊಟ್ಟಿದ್ದಾರೆ. ಬೇರೆ ಆಳುಗಳು ಬಂದು ಕೈಗೆ ಸಿಕ್ಕಿದ ನಮ್ಮ ಹಸುವೊಂದನ್ನೇ ಹಿಡಿದು ದೊಡ್ಡಿಗೆ ಕೂಡಿ, ಬೀಗ ಹಾಕಿ, ಬೀಗದಕೈಯನ್ನು ಕಚೇರಿಯಲ್ಲಿಟ್ಟು ಮನೆಗೆ ಹೋಗಿದ್ದಾರೆ. ನೀರು ತಾತ ಹಾಕುತ್ತಾನೆ ಎಂದು ಅವರು ಅಂದುಕೊಂಡರು. ಒಳಗೆ ದನ ಇರುವುದೇ ತಾತನಿಗೆ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ವಾಪಸ್ ಬಂದು, ಕಚೇರಿಯಿಂದ ಬೀಗದಕೈ ತಂದಾಗಲೇ ಅವನು ನೋಡಿದ್ದು.

"ಅರ್ಜಿ ಹಾಕು ತಾಯಿ," ಎಂದ ತಾತ. "ನಾನ್ ಹೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳಲ್ಲ. ನೀನ್ ಹಾಕಿದ್ರೆ ಮೇಲಿನೋರು ಬಂದು ನೋಡ್ತಾರೆ. ಆ ನಲ್ಲಿಯಾದ್ರೂ ರಿಪೇರಿ ಆಗ್ತದೆ."

ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ನಾನು ಬರೆದೆ. ನಲ್ಲಿ ಕೆಟ್ಟದ್ದು, ಬೀಗ ಹಾಕಿ ಹೋದದ್ದು, ಹಸು ನೀರಿಲ್ಲದೆ ಸತ್ತದ್ದು. ಯಾರನ್ನೂ ಹೆಸರು ಹಿಡಿದು ದೂರಿರಲಿಲ್ಲ. ಅತ್ತೆ ಹೆಬ್ಬೆಟ್ಟು ಒತ್ತಿದರು. ಒಂದು ಪ್ರತಿ ಪುರಸಭೆಗೆ ಹೋಯಿತು, ಇನ್ನೊಂದು ಕೋಲಾರದ ಮೇಲಿನ ಕಚೇರಿಗೆ.

ಮಳೆ ಶುರುವಾದ ಮೇಲೆ ವಿಚಾರಣೆಗೆ ಕರೆ ಬಂತು. ಜೀಪಿನಲ್ಲಿ ಬಂದಿದ್ದ ಅಧಿಕಾರಿ ಒಳ್ಳೆಯವರಾಗಿಯೇ ಕಂಡರು. ಅತ್ತೆಗೆ ಕುರ್ಚಿ ಹಾಕಿಸಿ, ಅವರು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಬರೆದುಕೊಂಡರು. ಆಮೇಲೆ ತಾತನನ್ನು ಕರೆದರು. ಅವನು ತಲೆಯ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ.

"ದೊಡ್ಡಿ ಯಾರ ಜವಾಬ್ದಾರಿ?" ಎಂದು ಅಧಿಕಾರಿ ಕೇಳಿದರು.

"ನಂದೇ ಸ್ವಾಮಿ."

"ಹಾಗಾದ್ರೆ ಅವತ್ತು ಎಲ್ಲಿದ್ದೆ?"

"ಪಂಪ್‌ಹೌಸಿಗೆ ಕಳ್ಸಿದ್ರು."

"ಆರ್ಡರ್ ಬರೆದು ಕೊಟ್ಟಿದ್ರಾ?"

"ಇಲ್ಲ ಸ್ವಾಮಿ, ಮೇಸ್ತ್ರಿ ಬಾಯಲ್ಲಿ ಹೇಳಿದ್ರು. ನಮ್ಗೆ ಯಾವತ್ತೂ ಬಾಯಲ್ಲೇ ಹೇಳೋದು."

ಪಕ್ಕದಲ್ಲೇ ನಿಂತಿದ್ದ, ಪುರಸಭೆಯ ಆಳುಗಳಿಗೆ ಕೆಲಸ ಹಂಚುವ ಮೇಸ್ತ್ರಿ, ಹಾಗೆ ಹೇಳಿದ ನೆನಪಿಲ್ಲ ಎಂದ. ಪಂಪ್‌ಹೌಸಿನವನನ್ನು ಕೇಳಿದರು. ಅವನು ಮೇಸ್ತ್ರಿಯ ಮುಖ ನೋಡಿ, ತಾನು ಜ್ವರದಲ್ಲಿ ಮಲಗಿದ್ದೆ, ಯಾರು ಬಂದರೋ ತಿಳಿಯದು ಎಂದ. ತಾತ ಅವನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದ.

ಅತ್ತೆ ಕುರ್ಚಿಯಿಂದ ಎದ್ದರು. "ಅಣ್ಣಯ್ಯ ಸುಳ್ಳು ಹೇಳೋರಲ್ಲ ಸ್ವಾಮಿ. ಅವ್ರು ದೊಡ್ಡೀಲಿ ಇದ್ದಿದ್ರೆ ನನ್ ಹಸು ಮನೇಲಿರ್ತಿತ್ತು."

"ಕೂತ್ಕೊಳ್ಳಿ ಅಮ್ಮ. ನಿಮ್ಗೆ ನ್ಯಾಯ ಸಿಗ್ತದೆ," ಎಂದರು ಅಧಿಕಾರಿ.

ದಸರಾ ಕಳೆದ ಮೇಲೆ ಪತ್ರ ಬಂತು. ನಾನೇ ಓದಿ ಹೇಳಿದೆ. ದೂರಿನ ವಿಚಾರಣೆ ನಡೆದಿದೆ, ದೊಡ್ಡಿಯ ಕಾವಲುಗಾರನ ನಿರ್ಲಕ್ಷ್ಯ ರುಜುವಾತಾಗಿದೆ, ಅವನನ್ನು ಕೆಲಸದಿಂದ ತೆಗೆಯಲಾಗಿದೆ, ಆದ್ದರಿಂದ ದೂರು ಇತ್ಯರ್ಥವಾಗಿದೆ. ನಲ್ಲಿಯ ವಿಷಯ ಒಂದು ಮಾತೂ ಇರಲಿಲ್ಲ.

"ಇನ್ನೊಂದ್ಸಲ ಓದು," ಎಂದರು ಅತ್ತೆ. ಓದಿದೆ. "ಹಂಗಂದ್ರೆ? ಅಣ್ಣಯ್ಯನ್ನ ತೆಗ್ದುಬಿಟ್ರಾ?"

"ಹೂಂ ಅತ್ತೆ."

ಒಲೆಯ ಮೇಲಿನ ಸಾರು ಸೀದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

ಮರುದಿನ ಗಂಡನ ಬಸ್ಸಿನಲ್ಲೇ ಕೋಲಾರಕ್ಕೆ ಹೋದೆವು. ಅರ್ಜಿ ವಾಪಸ್ ಕೊಡಿ ಎಂದು ಅತ್ತೆ ಮೇಲಿನ ಕಚೇರಿಯ ಗುಮಾಸ್ತರನ್ನು ಕೇಳಿದರು. "ನಿಮ್ ಪರವಾಗೇ ಆಗಿದೆಯಲ್ಲಮ್ಮ, ಇನ್ನೇನ್ ಬೇಕು?" ಎಂದರು ಅವರು. ಮುಗಿದ ದೂರನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ, ಅನ್ಯಾಯವಾಗಿದ್ದರೆ ಕೆಲಸ ಹೋದವನೇ ಅರ್ಜಿ ಹಾಕಿಕೊಳ್ಳಬೇಕು ಎಂದೂ ಹೇಳಿದರು. ಅಷ್ಟು ಆಸೆ ಅತ್ತೆಗೆ ಸಾಕಾಯಿತು. ಬಸ್ಸಿಳಿದವರು ಮನೆಗೂ ಹೋಗದೆ ತಾತನ ಮನೆಗೆ ನಡೆದರು.

ಅದು ಪುರಸಭೆಯವರು ಕೊಟ್ಟಿದ್ದ ಶೆಡ್ಡು. ಖಾಲಿ ಮಾಡಲು ಹೇಳಿದ್ದರು. ತಾತ ಚಾಪೆ ಸುತ್ತುತ್ತಿದ್ದ, ಅವನ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅತ್ತೆ ಹೇಳಿದ್ದನ್ನು ತಾತ ಪೂರ್ತಿ ಕೇಳಿದ.

"ಬೇಡ ತಾಯಿ. ಇನ್ನೊಂದು ಅರ್ಜಿ ಹಾಕಿದ್ರೆ ಇನ್ನೊಬ್ಬನ್ನ ತೆಗೀತಾರೆ. ಆ ಪಂಪ್‌ಹೌಸಿನೋನಿಗೆ ಸಣ್ಣ ಮಕ್ಳಿದಾವೆ."

"ನನ್ನಿಂದ ಹಿಂಗಾಯ್ತು ಅಣ್ಣಯ್ಯ."

"ಹಾಕು ಅಂದೋನು ನಾನೇ ಅಲ್ವಾ?"

ಹೆಂಡತಿ ನಮ್ಮ ಕಡೆ ತಿರುಗಿ ನೋಡಲಿಲ್ಲ. ತಮ್ಮನ್ನು ಊರಿಂದ ಕಳಿಸಿಕೊಡಲು ಬಂದಿದ್ದಾರೇನೋ ಎಂದು ತೆಲುಗಿನಲ್ಲಿ ಪಾತ್ರೆಗಳಿಗೆ ಹೇಳುವಂತೆ ಹೇಳಿದಳು. ತಾತ ಅವಳನ್ನು ಸುಮ್ಮನಿರಿಸಿದ. ಅವಳು ಹೇಳಿದ್ದು ಅತ್ತೆಗೆ ಅರ್ಥವಾಗಿತ್ತು. ಆ ವಾರವೇ ಅವರು ತಾಯಲೂರಿಗೆ, ತಾತನ ತಮ್ಮನ ಮನೆಗೆ ಹೊರಟುಹೋದರು.

ಮುಂದಿನ ವರ್ಷ ಆ ಕಡೆಯ ಪ್ರಯಾಣಿಕರೊಬ್ಬರು ನನ್ನ ಗಂಡನಿಗೆ ಬಸ್ಸಿನಲ್ಲಿ ಸುದ್ದಿ ಹೇಳಿದರು. ತಾತ ಬೇಸಿಗೆಯಲ್ಲೇ ತೀರಿಕೊಂಡಿದ್ದ. ಅತ್ತೆ ಅಳಲಿಲ್ಲ. ತಲೆಗೆ ನೀರು ಹಾಕಿಕೊಂಡು, ಒಡಹುಟ್ಟಿದವರು ಹೋದಾಗ ಮಾಡುವ ಹಾಗೆ, ಆ ದಿನವೆಲ್ಲ ಊಟ ಬಿಟ್ಟರು. ಆಮೇಲೆ ಅವರು ಮನೆಯಲ್ಲಿ ಹಸು ಕಟ್ಟಲಿಲ್ಲ. ಮಗ ಕೊಡಿಸುತ್ತೇನೆಂದರೂ ಬೇಡವೆಂದರು. ಹಾಲು ಡೈರಿಯಿಂದ ಬರತೊಡಗಿತು.

ಎಂಬತ್ತರ ದಶಕದಲ್ಲಿ ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ಕೊಳಚೆ ಬಾಗಿಲ ತನಕ ಬಂತು. ಬೀದಿಯವರೆಲ್ಲ ಸೇರಿ ಅರ್ಜಿ ಬರೆಸಿ ಸಹಿಗೆ ತಂದರು. ಅತ್ತೆ ಹೆಬ್ಬೆಟ್ಟು ಕೊಡಲಿಲ್ಲ. ಮುದುಕಿಗೆ ಸರ್ಕಾರದವರ ಭಯ ಎಂದುಕೊಂಡರು. ನನಗೆ ಆಗ ಪುಟ್ಟ ಮಗಳಿದ್ದಳು. ನಾನು ಸಹಿ ಹಾಕಿದೆ. ಅತ್ತೆ ತಡೆಯಲಿಲ್ಲ, ನನ್ನ ಕೈಯನ್ನೇ ನೋಡುತ್ತ ನಿಂತಿದ್ದರು.

ಈ ಸಲ ಆಳುಗಳು ಬೇಗ ಬಂದು ಹೂಳೆತ್ತಿದರು. ಚರಂಡಿ ಸರಿಹೋಯಿತು ಎಂದು ಹೇಳಲು ಹೋದಾಗ ಅತ್ತೆ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು.

"ಯಾರ್ ಮೇಲೂ ಏನೂ ಬರ್ಲಿಲ್ಲ ತಾನೆ?" ಎಂದರು.

"ಇಲ್ಲ ಅತ್ತೆ."

"ಸರಿಯಾಗ್ ವಿಚಾರಿಸಿದ್ಯಾ?"

ವಿಚಾರಿಸಿರಲಿಲ್ಲ. ಮಗಳನ್ನು ಅವರ ಹತ್ತಿರ ಕೂರಿಸಿ, ಚಪ್ಪಲಿ ಮೆಟ್ಟಿಕೊಂಡು ಪುರಸಭೆಯ ಕಡೆ ಹೊರಟೆ.