ಮಿರ್ದಿಫಿನಲ್ಲಿ ತುಕ್ರಜ್ಜಿ

ಕಳೆದ ವಾರ ಹಲ್ಲುನೋವೆಂದು ಗಲ್ಫಿನ ನಮ್ಮ ಊರಿನ ಮಿರ್ದಿಫ್ ಬಡಾವಣೆಯ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಯಾವ ಹಲ್ಲು, ಯಾವಾಗಿನಿಂದ ನೋವು ಎಂದು ರಿಸೆಪ್ಶನ್ನಿನ ಹುಡುಗಿಗೆ ವಿವರಿಸುತ್ತಿದ್ದಾಗ ಕಟ್ಟಡದ ಮೇಲಿಂದ ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು. ನಾನು ಅರ್ಧ ಮಾತಿನಲ್ಲಿ ನಿಲ್ಲಿಸಿಬಿಟ್ಟೆ. ಸದ್ದು ಪೂರ್ತಿ ಅಡಗಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಿದೆ. ಆ ಗಾಜಿನ ಕೋಣೆಯಲ್ಲಿ ಸದ್ದು ಏನೇನೂ ಜೋರಿರಲಿಲ್ಲ. ಇವರಿಗೆ ಏನೋ ಆಯಿತೆಂದು ಹುಡುಗಿ ನೀರು ತಂದುಕೊಟ್ಟಳು. ಹಲ್ಲಿನ ಡಾಕ್ಟರ ಬಳಿ ಬಂದವಳಿಗೆ ಬೇರೆ ಕಾಯಿಲೆಯೂ ಇದೆಯೆಂದು ತಿಳಿದಳೋ ಏನೋ.

ಅದು ಕಾಯಿಲೆಯಲ್ಲ, ಹಳೆಯ ಅಭ್ಯಾಸ. ನಾಲ್ಕೈದು ವರ್ಷ ಇದೇ ಮಿರ್ದಿಫಿನ ಒಂದು ವಿಲ್ಲಾದಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿದವಳು ನಾನು. ವಿಮಾನ ಬಂದಾಗಲೆಲ್ಲ ಅಲ್ಲಿ ಪಾಠ ನಿಲ್ಲಬೇಕಿತ್ತು. 'ಕಾಗುಣಿತ' ಎಂದು ಹೇಳಹೊರಟರೆ 'ಕಾ' ಈ ಕಡೆ, 'ಗುಣಿತ' ಆ ಕಡೆ. ನಡುವಿನ ಬಿಡುವಿನಲ್ಲಿ ಮಕ್ಕಳು ಪರಸ್ಪರ ಚಿವುಟಿಕೊಳ್ಳುತ್ತಿದ್ದರು.

ವಿಲ್ಲಾ ಫ್ಲೋರಿನ್ ಟೀಚರದ್ದು. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತಮ್ಮ ಮೊಮ್ಮಗ ಕೊಂಕಣಿಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಿದ ದಿನ ಅವರಿಗೆ ಸಿಟ್ಟು ಬಂತಂತೆ. ಆ ಸಿಟ್ಟಿನಲ್ಲೇ ಹಾಲಿನ ಸೋಫಾಗಳನ್ನು ಮಾರಿ, ಚಾಪೆ ಹಾಸಿ, ಶುಕ್ರವಾರ ಬೆಳಿಗ್ಗೆ ಯಾವ ಮನೆಮಾತಿನವರು ಬೇಕಾದರೂ ಬಂದು ತಮ್ಮ ಮಕ್ಕಳಿಗೆ ಕಲಿಸಬಹುದು ಎಂದು ಸಾರಿದರು. ಆಗ ಇಲ್ಲಿ ಶುಕ್ರವಾರವೇ ರಜೆ. ಹಾಲಿನಲ್ಲಿ ಕೊಂಕಣಿ, ಊಟದ ಕೋಣೆಯಲ್ಲಿ ತುಳು, ಮೆಟ್ಟಿಲ ಬುಡದಲ್ಲಿ ಕೊಡವ, ಗ್ಯಾರೇಜಿನಲ್ಲಿ ನನ್ನ ಕನ್ನಡ. ಗ್ಯಾರೇಜು ಯಾಕೆಂದರೆ ನನ್ನ ಧ್ವನಿ ಜೋರು. ಕಾರ್ಕಳದ ಕಡೆಯ ತುಳು ಮನೆಯಲ್ಲಿ ಬೆಳೆದವಳು ತುಳು ಬಿಟ್ಟು ಕನ್ನಡ ಕಲಿಸಿದ್ದು ಯಾಕೆಂದು ಕೇಳಬೇಡಿ. ತುಳು ತರಗತಿಗೆ ನನಗಿಂತ ಮೊದಲೇ ಮೂವರು ಟೀಚರುಗಳಿದ್ದರು. ನನ್ನ ಸ್ವಂತ ಮಗನಂತೂ ಆ ಗ್ಯಾರೇಜಿಗೆ ಕಾಲಿಡದೆ ಹೊರಗೆ ಸೈಕಲ್ ಓಡಿಸಿಕೊಂಡಿದ್ದ.

ಪ್ರೇಮಾ ಅಲ್ಲಿಗೆ ಬಂದದ್ದು ಮಗಳು ಧೃತಿಯನ್ನು ತುಳು ತರಗತಿಗೆ ಸೇರಿಸಲು. ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನರ್ಸು. ಗಂಡ ದೂರದ ರುವೈಸಿನ ರಿಫೈನರಿಯಲ್ಲಿ ಕೆಲಸಕ್ಕಿದ್ದು, ಎರಡು ವಾರಕ್ಕೊಮ್ಮೆ ಬರುತ್ತಿದ್ದ. ನಾವಿಬ್ಬರೂ ಅಲ್ ನಹ್ದಾ ಬಡಾವಣೆಯವರಾದ್ದರಿಂದ ಒಂದೇ ಕಾರಿನಲ್ಲಿ ಹೋಗಿಬರುವುದು ರೂಢಿಯಾಯಿತು. ಅವಳದು ಅಚ್ಚುಕಟ್ಟಾದ ತುಳು, ಅಷ್ಟೇ ಅಚ್ಚುಕಟ್ಟಾದ ಕನ್ನಡ. ಊರು ಕೇಳಿದರೆ 'ಉಡುಪಿ ಹತ್ರ' ಎನ್ನುತ್ತಿದ್ದಳು. ಉಡುಪಿ ಹತ್ತಿರ ಎಲ್ಲಿ ಎಂದರೆ ಸಿಗ್ನಲ್ ಹಸಿರಾಯಿತೆಂದು ತೋರಿಸುತ್ತಿದ್ದಳು.

ಒಂದು ಚಳಿಗಾಲ ಅವಳ ಅಮ್ಮ ವಿಸಿಟ್ ವೀಸಾದ ಮೇಲೆ ಬಂದರು. ತುಕ್ರು ಎಂದು ಹೆಸರು. ಹುಟ್ಟಿದ ವಾರದ ಹೆಸರನ್ನೇ ಮಗುವಿಗಿಡುತ್ತಿದ್ದ ಕಾಲದವರು. ಶುಕ್ರವಾರ ಹುಟ್ಟಿದ್ದಕ್ಕೆ ತುಕ್ರು. ಸಣ್ಣ ಮೈ, ಬಿಳಿ ಕೂದಲಿನ ಸಣ್ಣ ತುರುಬು, ನೀಲಿ ಹೂವಿನ ವಾಯಿಲ್ ಸೀರೆ, ಅದರ ಮೇಲೆ ಅಳಿಯನ ಕಂಪನಿಯ ಜಾಕೆಟ್ಟು. ಧೃತಿಯ ಪಾಠ ಮುಗಿಯುವವರೆಗೆ ಗೇಟಿನ ಬಳಿಯ ಬಿಸಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. ಪಾಠ ಮುಗಿಸಿ ಓಡಿಬರುವ ಮೊಮ್ಮಗಳ ಜೊತೆ ಮಾತು ಶುರು. ವಿಮಾನ ಬಂದರೆ ನಾವೆಲ್ಲ ಬಾಯಿ ಮುಚ್ಚುತ್ತಿದ್ದೆವಲ್ಲ, ಅಜ್ಜಿ ಮಾತ್ರ ನಿಲ್ಲಿಸುತ್ತಿರಲಿಲ್ಲ. ಹುಡುಗಿ ಅವರ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳುತ್ತಿದ್ದಳು.

ಅದು ತುಳುವಲ್ಲ ಎಂದು ಮೊದಲು ಗಮನಿಸಿದವರು ಫ್ಲೋರಿನ್ ಟೀಚರ್. ಅವರದು ಗಣಿತದ ಕಿವಿ, ಲೆಕ್ಕ ತಪ್ಪಿದರೆ ತಿಳಿಯುತ್ತದೆ. ಚಹಾದ ಹೊತ್ತಿಗೆ ಎಲ್ಲರೆದುರು ಪ್ರೇಮಾಳನ್ನು ಕೇಳಿಯೇಬಿಟ್ಟರು, "ಅಮ್ಮ ಮಾತಾಡುದು ಯಾವ ಭಾಷೆ ಮಾರಾಯ್ತಿ? ನಂಗೆ ಒಂದು ಶಬ್ದವೂ ಗೊತ್ತಾಗುದಿಲ್ಲ."

ಪ್ರೇಮಾ ಕೈಯಲ್ಲಿದ್ದ ಗೋಳಿಬಜೆಯನ್ನು ಎರಡು ಮಾಡಿದಳು, ನಾಲ್ಕು ಮಾಡಿದಳು. ಉತ್ತರ ಬಂದದ್ದು ಕುರ್ಚಿಯಿಂದ.

"ಉಂದು ಎಂಕ್ಲೆನ ಬಾಸೆ," ಎಂದರು ಅಜ್ಜಿ ತುಳುವಿನಲ್ಲಿ, ಹೊತ್ತು ಎಷ್ಟಾಯಿತೆಂದು ಕೇಳಿದವರಿಗೆ ಹೇಳುವಷ್ಟು ಸಹಜವಾಗಿ. ಇದು ನಮ್ಮ ಭಾಷೆ. "ಎಂಕುಲು ಕೊರಗೆರ್." ನಾವು ಕೊರಗರು.

ನೀವು ನಮ್ಮ ಕರಾವಳಿಯವರಾದರೆ ಆ ಅಂಗಳದಲ್ಲಿ ಆಗ ಏನಾಯಿತೆಂದು ಹೇಳಬೇಕಿಲ್ಲ. ಬೇರೆ ಕಡೆಯವರಾದರೆ ಹೇಳಿದರೂ ಕಾಣಲಿಕ್ಕಿಲ್ಲ. ಒಬ್ಬರು ಮಗುವಿನ ಮೂಗು ಒರೆಸಿದರು, ಇನ್ನೊಬ್ಬರು ಮೊಬೈಲು ತೆಗೆದರು. ನನ್ನ ಅಜ್ಜಿಮನೆಯ ಅಂಗಳದಾಚೆ, ಹುಲ್ಲುಮೆದೆಯ ಪಕ್ಕ, ಬುಟ್ಟಿ ಹೆಣೆದು ತಂದ ಕೊರಗರು ನಿಲ್ಲುತ್ತಿದ್ದ ಜಾಗ ನನ್ನ ಕಣ್ಣ ಮುಂದೆ ಬಂತು. ಅವರು ಅದಕ್ಕಿಂತ ಹತ್ತಿರ ಬಂದದ್ದನ್ನು ನಾನು ಬಾಲ್ಯದಲ್ಲಿ ಕಂಡದ್ದಿಲ್ಲ.

ಫ್ಲೋರಿನ್ ಟೀಚರಿಗೆ ಮಾತ್ರ ಎಲ್ಲಿಲ್ಲದ ಉತ್ಸಾಹ. ಇಷ್ಟು ಹಳೆಯ ಭಾಷೆ ತನ್ನ ಗೇಟಿನ ಬಳಿ ಕುರ್ಚಿ ಹಾಕಿ ಕೂತಿದೆ, ತಾನು ಚಹಾ ಕೊಟ್ಟು ಸುಮ್ಮನಿದ್ದೆನಲ್ಲ ಎಂದು ಅವರ ಸಂಕಟ. ಮುಂದಿನ ಶುಕ್ರವಾರ ಗ್ಯಾರೇಜಿನ ಅರ್ಧ ಭಾಗ ಅಜ್ಜಿಗೆ ಬಂತು, ನನ್ನ ಧ್ವನಿ ತಗ್ಗಿಸಬೇಕಾಯಿತು. ಮೊದಲು ಧೃತಿಯೊಬ್ಬಳೇ ಇದ್ದಳು. ಆಮೇಲೆ ಒಬ್ಬೊಬ್ಬರಾಗಿ ನನ್ನ ತರಗತಿಯ ಮಕ್ಕಳೂ ಅತ್ತ ಜಾರಿದರು. ಒತ್ತಕ್ಷರಕ್ಕಿಂತ ಅಜ್ಜಿ ತುಳು ಬೆರೆಸಿ ಹೇಳುವ ಕಥೆ ಚೆನ್ನಾಗಿತ್ತು, ನಾನೂ ಬೋರ್ಡಿಗೆ ಮುಖ ಮಾಡಿಕೊಂಡೇ ಕೇಳುತ್ತಿದ್ದೆ. ಲಿಫ್ಟಿಗೆ, ಎಸಿಗೆ, ವಿಮಾನಕ್ಕೆ ಅವರು ತಮ್ಮ ಭಾಷೆಯಲ್ಲಿ ಅಲ್ಲೇ ಹೊಸ ಹೆಸರು ಕಟ್ಟುತ್ತಿದ್ದರು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಆ ಹೆಸರುಗಳನ್ನು ಇಲ್ಲಿ ಬರೆಯೋಣವೆಂದರೆ ಒಂದೂ ನೆನಪಿಲ್ಲ. ನೆನಪಿರುವುದು ಅವರು ಹೇಳುವಾಗಿನ ರಾಗ ಮಾತ್ರ.

ಒಂದು ದಿನ ಅಜ್ಜಿ ನನ್ನ ಮನೆ ಎಲ್ಲಿ ಎಂದು ತುಳುವಿನಲ್ಲಿ ಕೇಳಿದರು. ಊರಿನ ಹೆಸರು, ಮನೆಯ ಹೆಸರು ಹೇಳಿದೆ. ತಕ್ಷಣ ಅವರು ಕುರ್ಚಿಯಿಂದ ಎದ್ದು ನಿಂತರು. ಅಷ್ಟರವರೆಗೆ ನಾನು ಅವರಿಗೆ ಬರೇ ಟೀಚರ್. ಆ ಮನೆಯ ಹೆಸರು ಅವರನ್ನು ಎಬ್ಬಿಸಿ ನಿಲ್ಲಿಸಿತು. ಕೂತುಕೊಳ್ಳಿ ಎಂದು ಎಷ್ಟು ಹೇಳಿದರೂ ಕೂರಲಿಲ್ಲ. ಕೊನೆಗೆ ನಾನೇ ಗ್ಯಾರೇಜಿನ ನೆಲದ ಮೇಲೆ ಕೂತೆ. ಅಜ್ಜಿ ನನ್ನನ್ನು ನೋಡಿ, ಸೆರಗು ಸರಿಮಾಡಿಕೊಂಡು, ಕುರ್ಚಿಯ ತುದಿಯಲ್ಲಿ ಕೂತರು. ಪ್ರೇಮಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಧೃತಿಗೆ ಶಾಲೆಯಲ್ಲೂ ಈ ತರಗತಿಯಲ್ಲೂ ಒಬ್ಬಳೇ ಆಪ್ತ ಗೆಳತಿ. ಆ ಹುಡುಗಿಯ ತಾಯಿ ನಮ್ಮ ಕಡೆಯವರೇ. ವಾರದ ದಿನಗಳಲ್ಲಿ ಇಬ್ಬರನ್ನೂ ಅವರೇ ಶಾಲೆಗೆ ಬಿಡುತ್ತಿದ್ದರು. ಒಂದು ಸಂಜೆ ಫೋನು ಮಾಡಿ, ಇನ್ನು ಮುಂದೆ ತಮಗೆ ಆ ದಾರಿ ಸುತ್ತಾಗುತ್ತದೆ ಎಂದರಂತೆ. ಎರಡೂ ಮನೆ ಇದ್ದದ್ದು ಒಂದೇ ಕಟ್ಟಡದಲ್ಲಿ. ಪ್ರೇಮಾ ನನಗಿದನ್ನು ಹೇಳುವಾಗ ನಗುತ್ತಿದ್ದಳು. "ಅಡ್ಡಿಲ್ಲ ಅಕ್ಕ, ಸ್ಕೂಲ್ ಬಸ್ ಉಂಟಲ್ಲ," ಎಂದಳು.

ಅದೇ ಹೊತ್ತಿಗೆ ನಮ್ಮ ತರಗತಿಗಳ ವಾರ್ಷಿಕೋತ್ಸವದ ಮೀಟಿಂಗು ಬಂತು. ಗದಗಿನ ಕಡೆಯ ಪಾಟೀಲ ಸರ್ ಎಂಬೊಬ್ಬರು ವೇದಿಕೆಯ ಜವಾಬ್ದಾರಿ ನೋಡಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ, ಮಕ್ಕಳಿಗೆ ತಾವೇ ಗಡ್ಡ ಮೀಸೆ ಅಂಟಿಸುವವರು. ಅವರು ಎಲ್ಲೋ ಕೊರಗರ ಒಂದು ಹಳೆಯ ಫೋಟೋ ನೋಡಿದ್ದರು. "ಅಜ್ಜಿಯವ್ರನ್ನ ಸ್ಟೇಜ್ ಮ್ಯಾಲ ಕರ್ಕೊಂಡ್ ಬರೂಣ್ರೀ. ಸೊಪ್ಪಿನ ಉಡುಗಿ, ಡೋಲು, ಹಿಂದ ಕಾಡಿನ ಪರದೆ. ಭಾಳ ಚಂದ ಕಾಣ್ತದ," ಎಂದರು. ನಾನು "ಬೇಡ ಸರ್, ಅದು ಬೇಡ" ಎಂದೆ. ಫ್ಲೋರಿನ್ ಟೀಚರ್ ಪಾಟೀಲರ ತೋಳು ಹಿಡಿದು ಎಳೆದರು. ಅಷ್ಟರಲ್ಲಿ ಪ್ರೇಮಾ ಅಡಿಗೆಮನೆಯಿಂದ ಚಹಾದ ಟ್ರೇ ಹಿಡಿದು ಬಂದಾಗಿತ್ತು.

ಎಲ್ಲರಿಗೂ ಚಹಾ ಕೊಟ್ಟಳು. ಪಾಟೀಲರಿಗೆ ಸಕ್ಕರೆಯಿಲ್ಲದ್ದನ್ನು ನೆನಪಿಟ್ಟು ಬೇರೆ ಕೊಟ್ಟಳು. ಆಮೇಲೆ ಹೇಳಿದಳು, "ಸರ್, ನನ್ನ ಅಮ್ಮನ ಅಜ್ಜಿ ಸೊಪ್ಪು ಉಟ್ಟದ್ದು ಚಂದಕ್ಕಲ್ಲ. ಬಟ್ಟೆ ಉಡ್ಲಿಕ್ಕೆ ಬಿಡ್ತಿರ್ಲಿಲ್ಲ."

ಪಾಟೀಲರ ಮುಖ ಕಂದಿತು. ಎದ್ದು ನಿಂತು ಕೈ ಮುಗಿದರು, "ನನಗ ಗೊತ್ತಿರ್ಲಿಲ್ಲವ್ವಾ ತಂಗಿ," ಎಂದರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದ ನಮ್ಮವರು ಸುತ್ತು ದಾರಿಯ ನೆಪ ಹೇಳಿದರು, ಗೊತ್ತಿಲ್ಲದವರು ಕಾಡಿನ ಪರದೆ ತಂದರು. ಎರಡರ ನಡುವೆ ಆ ಮುದುಕಿಗೆ ಸಿಕ್ಕಿದ್ದು ಅರ್ಧ ಗ್ಯಾರೇಜು. ಅದೂ ಅಲ್ಲಿಗೆ ಖಲಾಸ್.

ಮುಂದಿನ ಶುಕ್ರವಾರ ಅವರು ಬರಲಿಲ್ಲ. ನಾನು ಅವರ ಫ್ಲಾಟಿಗೆ ಹೋದೆ. ತಾಯಿ ಮಗಳ ನಡುವೆ ಆಗಲೇ ಮಾತು ನಡೆದಿತ್ತು, ಅಜ್ಜಿ ತುಳುವಿನಲ್ಲಿ ನನ್ನನ್ನೂ ಅದಕ್ಕೆ ಎಳೆದುಕೊಂಡರು. ಇವಳು ಓದಿದಳು, ಸೂಜಿ ಹಿಡಿದಳು, ಎಲ್ಲ ಜಾತಿಯವರ ರಕ್ತ ತೊಳೆಯುತ್ತಾಳೆ, ಇವಳಿಗೆ ಇನ್ನೂ ಹೆದರಿಕೆಯೇ ಎಂದು ಕೇಳಿದರು. ತನಗೆ ಆ ಮಕ್ಕಳು ಬೇಕು, ಯಾರು ಏನು ಅಂದರೂ ತಾನು ಕೇಳಿ ಮುಗಿಸಿದವಳು ಎಂದರು.

ಪ್ರೇಮಾ ಗೋಡೆಗೆ ಒರಗಿ ನಿಂತಿದ್ದಳು. "ನಂಗೆ ಹೆದರಿಕೆ ಇಲ್ಲ ಅಕ್ಕ," ಎಂದಳು ನನಗೆ, ಅಮ್ಮನಿಗಲ್ಲ. "ಆದ್ರೆ ಧೃತಿ ಎಲ್ಲಿ ಹೋದ್ರೂ ಮೊದ್ಲು ಅದನ್ನೇ ಹೊತ್ಕೊಂಡು ಹೋಗುದು ಬೇಡ. ನಾನು ಹೊತ್ತದ್ದು ಸಾಕು. ಇಂಗ್ಲಿಷ್ ಕಲೀಲಿ, ಅರಬ್ಬಿ ಕಲೀಲಿ. ಇದೊಂದು ನನ್ನಲ್ಲಿಗೇ ಮುಗೀಲಿ."

ಅವಳಿಗೆ ಹೇಳುವ ಹಕ್ಕು ನನಗೆಲ್ಲಿತ್ತು? ಹುಲ್ಲುಮೆದೆಯ ಈಚೆಗೆ ಬೆಳೆದವಳು ಆಚೆಯವಳಿಗೆ, ಭಾಷೆ ಉಳಿಸು ಎಂದು ಯಾವ ಬಾಯಲ್ಲಿ ಹೇಳುವುದು? ಚಹಾ ಕುಡಿದು ಬಂದೆ. ಅಜ್ಜಿ ಲಿಫ್ಟಿನವರೆಗೆ ಬಂದರು.

ಮಾರ್ಚಿನಲ್ಲಿ ವೀಸಾ ಮುಗಿಯಿತು, ಅಜ್ಜಿ ಹೊರಟರು. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಪ್ರೇಮಾ ರಜೆ ಪಡೆದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಫ್ಲೋರಿನ್ ಟೀಚರ ಗಂಡನ ಕೆಲಸವೂ ಮುಗಿದು ಅವರು ಮಂಗಳೂರಿಗೆ ಹಿಂತಿರುಗಿದರು. ವಿಲ್ಲಾದಲ್ಲಿ ಈಗ ಯಾರೋ ಇದ್ದಾರೆ, ಗ್ಯಾರೇಜಿನಲ್ಲಿ ಎರಡು ಕಾರುಗಳಿವೆ. ಕಾರುಗಳಿಗೆ ಕಟ್ಟಿದ ಜಾಗದಲ್ಲಿ ಕಾರು ನಿಂತರೆ ನನಗೇಕೆ ಹೊಟ್ಟೆ ಉರಿಯಬೇಕು? ಉರಿಯುತ್ತದೆ.

ಪ್ರೇಮಾಳ ಸ್ನೇಹ ಉಳಿಯಿತು. ಆದರೆ ಆ ವಿಷಯ ನಾವು ಮತ್ತೆ ಎತ್ತಲಿಲ್ಲ. ಧೃತಿ ಕಣ್ಣೆದುರಿಗೇ ಎತ್ತರಕ್ಕೆ ಬೆಳೆದು ಕಾಲೇಜು ಸೇರಿದಳು. ತುಳುವಿನಲ್ಲಿ ಕೇಳಿದರೆ ಅವಳೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ.

ಹಲ್ಲು ಕೀಳಿಸಿಕೊಂಡ ಮರುದಿನ ಪ್ರೇಮಾ ಗಂಜಿ ತಂದಳು, ಜೊತೆಗೆ ಧೃತಿ. ಬಾಯಿ ಊದಿಕೊಂಡು ಮಾತಾಡಲಾಗದ ನನ್ನೆದುರು ಕೂತು ಆ ಹುಡುಗಿ ತಾನೇ ವಿಷಯ ತೆಗೆದಳು. ಊರಿನಲ್ಲಿ ಅವರ ಸಮುದಾಯದ ಹುಡುಗ ಹುಡುಗಿಯರೇ ಸೇರಿ ಒಂದು ಕೇಂದ್ರ ಮಾಡಿಕೊಂಡಿದ್ದಾರಂತೆ. ಭಾನುವಾರ ಮಕ್ಕಳನ್ನು ಕೂರಿಸಿ ಭಾಷೆ ಕಲಿಸುತ್ತಾರೆ, ಹಿರಿಯರಿಂದ ಕಥೆ ಹೇಳಿಸುತ್ತಾರೆ. ಅವಳ ಸೋದರಮಾವನೇ ಅಲ್ಲಿ ಕಥೆ ಹೇಳುವವನು. ಈ ರಜೆಯಲ್ಲಿ ತಾನು ಅಲ್ಲಿಗೆ ಹೋಗುತ್ತೇನೆ, ಟಿಕೆಟ್ ತೆಗೆದಾಗಿದೆ ಎಂದಳು. ಆಮೇಲೆ ನನ್ನನ್ನು ಕೇಳಿದಳು, "ಆಂಟಿ, ಯು ವರ್ ದೇರ್. ಅಜ್ಜಿ ಹೇಳ್ತಿದ್ದ ಏನಾದ್ರೂ ನೆನಪುಂಟಾ? ಒಂದು ವರ್ಡ್ ಆದ್ರೂ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅದಕ್ಕೆ ಹಲ್ಲಿನ ನೆಪ ಹೇಳುವಂತಿರಲಿಲ್ಲ. ವಾರವಾರವೂ ಆರಡಿ ದೂರದಲ್ಲಿ ನಿಂತು ಕೇಳಿದವಳು, ಮಗು ಕೇಳಿದಾಗ ಕೊಡಲು ಒಂದು ಶಬ್ದವನ್ನೂ ಇಟ್ಟುಕೊಂಡಿರಲಿಲ್ಲ.

ಧೃತಿ ತಾಯಿಯ ಕಡೆ ತಿರುಗಲಿಲ್ಲ. ಅಲ್ಲಿ ಕೇಳಿ ಪ್ರಯೋಜನವಿಲ್ಲವೆಂದು ಎಂದೋ ಕಲಿತಿದ್ದಳೆಂದು ಕಾಣುತ್ತದೆ. ಪ್ರೇಮಾ ಗಂಜಿಯ ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. ಆಮೇಲೆ ಫೋನು ತೆಗೆದು ಊರಿಗೆ, ಅಣ್ಣನಿಗೆ ಕರೆ ಮಾಡಿದಳು. ಆ ಅಣ್ಣನ ಜೊತೆ ಅವಳು ತುಳುವಿನಲ್ಲಿ ಮಾತಾಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಈ ಸಲ ಅದು ತುಳುವಾಗಿರಲಿಲ್ಲ. ಮೂರು ನಾಲ್ಕು ವಾಕ್ಯ, ನಡುವೆ ಒಂದೆರಡು ಕಡೆ ತಡೆದು. ಅವಳ ಬಾಯಿಂದ ಆ ಭಾಷೆಯನ್ನು ನಾನು ಕೇಳಿದ್ದು ಅದೇ ಮೊದಲು. ಧೃತಿಯೂ ಅಮ್ಮನನ್ನೇ ನೋಡುತ್ತಿದ್ದಳು.

"ಎಂತ ಹೇಳಿದ್ದು ಅಮ್ಮಾ?"

"ನೀನು ಬರ್ತಿ ಅಂತ ಹೇಳ್ದೆ. ಬಂದ್ರೆ ನಿನ್ನೊಟ್ಟಿಗೆ ತುಳು ಮಾತಾಡ್ಬೇಡ, ನಮ್ಮದೇ ಮಾತಾಡು ಅಂತ ಹೇಳ್ದೆ." ಆಮೇಲೆ ನನ್ನ ಕಡೆ ನೋಡಿದಳು. "ಅಮ್ಮ ಇರುವಾಗ ಇಷ್ಟು ಹೇಳಿದ್ರೆ ಸಾಕಿತ್ತು ಅಕ್ಕ."

ಫೋನು ಇನ್ನೂ ಅವಳ ಕಿವಿಯಲ್ಲೇ ಇತ್ತು. ಆ ಕಡೆಯಿಂದ ಏನೋ ಕೇಳಿಸಿತು.

"ಮಾವ ಏನಂದ್ರು?" ಎಂದಳು ಧೃತಿ.

"ನಮ್ಮ ಭಾಷೆಲೇ ಇನ್ನೊಮ್ಮೆ ಹೇಳು ಅಂತಿದ್ದಾನೆ," ಎಂದಳು ಪ್ರೇಮಾ.